ನೇಗಿಲಿಗೂ ಬಾವಿಗೂ ನಡುವೆ

ಕೋಲಾರದ ಕಾಲೇಜೊಂದರ ಮೊಗಸಾಲೆಯಲ್ಲಿ ಅಧ್ಯಾಪಕರ ಹೆಸರುಗಳನ್ನು ಬರೆದ ಕಪ್ಪು ಹಲಗೆಯೊಂದಿತ್ತು. ಅದರ ಒಂಬತ್ತನೆಯ ಸಾಲಿನಲ್ಲಿ ಭೂಗೋಳ ಪಾಠ ಹೇಳುವ ಅನಸೂಯಮ್ಮನ ಹೆಸರು ಮಿಕ್ಕ ಹೆಸರುಗಳಿಗಿಂತ ಅರ್ಧ ಗೇಣು ಬಲಕ್ಕೆ ಸರಿದು ನಿಂತಿತ್ತು. 1976ರಲ್ಲಿ ಅವಳು ಪಿಎಚ್.ಡಿ.ಗೆ ಹೆಸರು ಬರೆಸಿದ ವಾರವೇ ಹಲಗೆಗೆ ಹೊಸ ಬಣ್ಣ ಹೊಡೆಸಿದ್ದರಿಂದ ಹೀಗಾಯಿತು. ಪೇಂಟರ್ ಅಶ್ವತ್ಥಪ್ಪ ಮುಂದಾಲೋಚನೆಯ ಮನುಷ್ಯ. "ಎಂಗೂ ಡಾಕ್ಟ್ರಾಗ್ತಾರಲ್ಲ ಮೇಡಮ್ಮು, ಆಮೇಲೆ ಪೂರ್ತಿ ಅಳಿಸಿ ಬರೆಯೋದ್ಯಾಕೆ" ಎಂದು ಹೆಸರಿನ ಎಡಕ್ಕೆ 'ಡಾ.' ಹಿಡಿಸುವಷ್ಟು ಜಾಗ ಬಿಟ್ಟಿದ್ದ. ಆ ಜಾಗ ವರ್ಷಗಟ್ಟಲೆ ಖಾಲಿ ಉಳಿಯಿತು. ಹೊಸದಾಗಿ ಬಂದವರು ಅಲ್ಲಿ ಏನನ್ನು ಅಳಿಸಿದ್ದಾರೆ ಎಂದು ಕೇಳುತ್ತಿದ್ದರು. ಅಳಿಸಿಲ್ಲ, ಇನ್ನೂ ಬರೆಯಬೇಕು ಎಂದು ಜವಾನ ವಿವರಿಸುತ್ತಿದ್ದ. ಅನಸೂಯಮ್ಮ ಆ ಹಲಗೆಯ ಮುಂದೆ ಹಾದುಹೋಗುವಾಗ ಎದುರುಗೋಡೆಯ ಭೂಪಟವನ್ನು ನೋಡುವ ಅಭ್ಯಾಸ ಮಾಡಿಕೊಂಡಿದ್ದಳು.

ಅವಳ ವಿಷಯ ಕುಂಟೆ. ಆ ಸೀಮೆಯಲ್ಲಿ ಕೆರೆಗಿಂತ ಸಣ್ಣದಾದ, ಮಳೆನೀರು ನಿಂತು ದನಕರು ಕುಡಿಯುವ ಹೊಂಡಕ್ಕೆ ಕುಂಟೆ ಎನ್ನುತ್ತಾರೆ. ಕೆರೆಗೆ ಶಾಸನವುಂಟು, ತೂಬುಂಟು, ಸರ್ಕಾರದ ದಫ್ತರದಲ್ಲಿ ನಂಬರುಂಟು. ಕುಂಟೆಗೆ ಇವು ಯಾವುವೂ ಇಲ್ಲದ್ದರಿಂದ ಅಚ್ಚಾದ ಪುಸ್ತಕಗಳು ಅದರ ಗೊಡವೆಗೆ ಹೋಗಿರಲಿಲ್ಲ. ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಹಿಂದೆ ಎಷ್ಟು ಕುಂಟೆಗಳಿದ್ದವು, ಈಗ ಎಷ್ಟಿವೆ, ಉಳಿದವು ಏನಾದವು ಎನ್ನುವುದು ಅವಳ ಪ್ರಶ್ನೆ. ಈಗ ಎಷ್ಟಿವೆ ಎಂಬುದನ್ನು ಅವಳೇ ಎರಡು ಬೇಸಗೆ ತಿರುಗಿ ಎಣಿಸಿದ್ದಳು. ಹಿಂದೆ ಎಷ್ಟಿದ್ದವು ಎಂಬುದನ್ನು ತಿರುಗಿ ಎಣಿಸಲಾಗುವುದಿಲ್ಲ, ಅದಕ್ಕೆ ಕಾಗದ ಬೇಕು.

ಅವಳ ಮಾರ್ಗದರ್ಶಕರು ಬೆಂಗಳೂರಿನ ಪ್ರೊಫೆಸರ್ ಕೋದಂಡರಾಮಪ್ಪ. ಹುಟ್ಟಿದ್ದು ಮಾಲೂರು ತಾಲ್ಲೂಕಿನ ಟೇಕಲ್‌ನಲ್ಲಿ, ರಾಗಿ ಬೆಳೆಯುವವರ ಮನೆಯಲ್ಲಿ. ಇದನ್ನು ಅವರು ಯಾರಿಗೂ ಹೇಳುತ್ತಿರಲಿಲ್ಲ, ಹಾಗಾಗಿ ಎಲ್ಲರಿಗೂ ಗೊತ್ತಿತ್ತು. ದೆಹಲಿಯ ವಿಚಾರ ಸಂಕಿರಣವೊಂದರಿಂದ ಅವರು 'ಗ್ರೇ ಲಿಟರೇಚರ್' ಎಂಬ ಹೊಸ ಮಾತನ್ನು ತಂದಿದ್ದರು. ಅಂಗಡಿಯಲ್ಲಿ ಸಿಕ್ಕದ, ಅಚ್ಚಾಗದ, ಇಲಾಖೆಗಳೂ ಸಂಘಗಳೂ ತಮ್ಮ ಪಾಡಿಗೆ ತಾವು ಬರೆದು, ಸೈಕ್ಲೋಸ್ಟೈಲ್ ಮಾಡಿಸಿ, ಬೀರುವಿಗೆ ಹಾಕಿ ಮರೆತುಬಿಟ್ಟ ವರದಿಗಳೆಲ್ಲ ಆ ಜಾತಿಗೆ ಸೇರಿದವು. ಅನಸೂಯಮ್ಮ ಅದನ್ನು 'ಬೂದು ಸಾಹಿತ್ಯ' ಎಂದು ಕನ್ನಡಕ್ಕೆ ತಂದಳು. ಕಾಲೇಜಿನ ಕನ್ನಡ ಪಂಡಿತರು ಅದನ್ನು ಬೂದಿಯ ಸಾಹಿತ್ಯವೆಂದು ತಿಳಿದು, ವಿಭೂತಿಯ ಮಹಿಮೆ ಕುರಿತ ಎರಡು ಗ್ರಂಥಗಳ ಹೆಸರು ಬರೆದುಕೊಟ್ಟರು. ಅವಳು ಆ ಚೀಟಿಯನ್ನೂ ಫೈಲಿಗೆ ಸೇರಿಸಿದಳು.

"ಇಂಥ ಕಾಗದ ಸಿಕ್ಕಿತು ಅಂತ ತಬ್ಬಿಕೊಂಡುಬಿಡಬೇಡಿ" ಎಂದು ಪ್ರೊಫೆಸರು ಎಚ್ಚರಿಸಿದ್ದರು. "ಅಚ್ಚಾದ ಪುಸ್ತಕಕ್ಕೆ ಅಪ್ಪ ಅಮ್ಮ ಇರ್ತಾರೆ, ಇದಕ್ಕಿಲ್ಲ. ನೀವೇ ನಾಲ್ಕು ಪ್ರಶ್ನೆ ಕೇಳಬೇಕು. ಯಾರು ಬರೆದರು? ಯಾರಿಗೋಸ್ಕರ ಬರೆದರು? ಕಣ್ಣಾರೆ ಕಂಡು ಬರೆದರಾ, ಕೇಳಿ ಬರೆದರಾ? ಬೇರೆ ಯಾವುದಾದರೂ ಕಾಗದ ಇದನ್ನೇ ಹೇಳುತ್ತಾ?" ಅನಸೂಯಮ್ಮ ನಾಲ್ಕನ್ನೂ ನೋಟುಬುಕ್ಕಿನ ರಟ್ಟಿನ ಒಳಬದಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಂಡಳು.

ಕಾಗದ ಹುಡುಕುವುದು ಎಂದರೆ ಹೆಚ್ಚಾಗಿ ಬೆಂಚಿನ ಮೇಲೆ ಕೂರುವುದು. ಒಂದು ಕಚೇರಿಯಲ್ಲಿ ಬೀಗದಕೈ ಇಟ್ಟುಕೊಂಡವರು ರಜೆಯಲ್ಲಿದ್ದರು. ಇನ್ನೊಂದು ಕಚೇರಿಯಲ್ಲಿ ಬೀಗದಕೈ ಇತ್ತು, ಬೀರು ಇರಲಿಲ್ಲ. ಕಡೆಗೆ 1978ರಲ್ಲಿ ಶ್ರೀನಿವಾಸಪುರದ ಹತ್ತಿರದ ಯಲ್ದೂರಿನಲ್ಲಿ ಸುಳಿವು ಹತ್ತಿತು. ಐವತ್ತರ ದಶಕದಲ್ಲಿ 'ಮೂಡಲ ಸೀಮೆ ಗ್ರಾಮ ಸುಧಾರಣಾ ಸಂಘ' ಎಂದೊಂದು ಸಂಸ್ಥೆ ಇತ್ತಂತೆ. ಅದು ಎರಡೂ ತಾಲ್ಲೂಕುಗಳ ಹಳ್ಳಿಹಳ್ಳಿಯಲ್ಲಿ ಏನೇನಿದೆ ಎಂದು ಎಣಿಸಿ, ಸುಧಾರಣೆಗೆ ಕೈಹಾಕುವ ಮುಂಚೆಯೇ ಮುಚ್ಚಿಹೋಗಿತ್ತು. ಅದರ ಕಾರ್ಯದರ್ಶಿ ತೀರಿಕೊಂಡಿದ್ದರು. ಅವರ ಸೊಸೆ ಶಾಮಲಮ್ಮ ಅದೇ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದಳು.

"ಕಾಗ್ದ ತಾನೇ? ಐತೆ" ಎಂದಳು ಶಾಮಲಮ್ಮ. "ಹುಳದ ಕೆಳಗೈತೆ."

ಹುಳು ಸಾಕುವ ತಟ್ಟೆಗಳಿಗೆ ಹಾಸಲು ಕಾಗದ ಬೇಕು. ಮಾವನ ಸಂಘದ ಕಾಗದ ಇಪ್ಪತ್ತು ವರ್ಷದಿಂದ ಅದಕ್ಕೆ ಒದಗಿಬರುತ್ತಿತ್ತು. ಆ ಸಂಘದಿಂದ ಊರಿಗಾದ ಉಪಕಾರ ಅದೊಂದೇ. ಅನಸೂಯಮ್ಮ ಬಗ್ಗಿ ನೋಡಿದಳು. ನಾಲ್ಕನೇ ಜ್ವರ ಎದ್ದ, ಎಂದರೆ ನಾಲ್ಕನೇ ಸಲ ಪೊರೆ ಕಳಚಿದ ಹುಳುಗಳು ಹಿಪ್ಪುನೇರಳೆ ಸೊಪ್ಪನ್ನು ಸರಸರ ತಿನ್ನುತ್ತಿದ್ದವು. ಒಂದು ಎಲೆ ಮುಗಿದ ಜಾಗದಲ್ಲಿ ಬೂದು ಬಣ್ಣದ ಕಾಗದ ಕಂಡಿತು, ಅದರ ಮೇಲೆ 'ಕೋಷ್ಟಕ 9' ಎಂದಿತ್ತು. ಅವಳ ಕೈ ತಾನಾಗಿ ಮುಂದೆ ಹೋಯಿತು.

"ಮುಟ್ಬೇಡ" ಎಂದಳು ಶಾಮಲಮ್ಮ. "ಹುಳ ಗೂಡು ಕಟ್ಲಿ, ಆಮೇಲೆ ಬಾ. ಬರ್ವಾಗ ಬದ್ಲಿಗೆ ನ್ಯೂಸ್‌ಪೇಪರ್ ತಗಂಬಾ. ನಮಗೂ ಕಾಗ್ದ ಬೇಕಲ್ಲ."

ಹುಳುಗಳು ಗೂಡು ಕಟ್ಟುವವರೆಗೆ ಸಂಶೋಧನೆ ನಿಂತಿತು. ಹನ್ನೆರಡನೆಯ ದಿನ ಅನಸೂಯಮ್ಮ ಕಾಲೇಜಿನ ವಾಚನಾಲಯದ ಹಳೆಯ ಪತ್ರಿಕೆಗಳ ಎರಡು ಕಟ್ಟುಗಳೊಂದಿಗೆ ಬಸ್ಸಿನಲ್ಲಿ ಯಲ್ದೂರಿಗೆ ಹೋಗಿ, ನಲವತ್ತೆರಡು ಪುಟಗಳ ವರದಿಯೊಂದಿಗೆ ತಿರುಗಿ ಬಂದಳು. ಹುಳುವಿನ ಹಿಕ್ಕೆಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದಳು. ಹದಿನೇಳು, ಹದಿನೆಂಟನೆಯ ಪುಟಗಳು ಮಾತ್ರ ಇರಲಿಲ್ಲ. ಅವು ಹಿಂದಿನ ಬೆಳೆಗೆ ಬಳಕೆಯಾಗಿ ತಿಪ್ಪೆ ಸೇರಿದ್ದವು. ಪರಿವಿಡಿ ನೋಡಿದರೆ ಆ ಪುಟಗಳಲ್ಲಿ ಇದ್ದದ್ದು 'ಎಣಿಕೆದಾರರಿಗೆ ಸೂಚನೆಗಳು'. ಅಂಕಿಗಳೇ ಸಿಕ್ಕಿದ ಮೇಲೆ ಸೂಚನೆ ಯಾರಿಗೆ ಬೇಕು ಎಂದು ಅವಳು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಅಂಕಿಗಳು ಅಂಥವು. ಕೋಷ್ಟಕ 9ರ ಪ್ರಕಾರ 1956ರಲ್ಲಿ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 236 ಕುಂಟೆಗಳಿದ್ದವು. ಅವಳು ಎಣಿಸಿದಾಗ ಅಲ್ಲಿ 198 ಸಿಕ್ಕಿದ್ದವು, ಸರಿ. ಮುಳಬಾಗಿಲಿನಲ್ಲಿ 1956ರಲ್ಲಿ 1,871 ಕುಂಟೆಗಳಿದ್ದವು. ಅವಳಿಗೆ ಸಿಕ್ಕಿದ್ದು 203. ಅಂದರೆ ಇಪ್ಪತ್ತೆರಡು ವರ್ಷದಲ್ಲಿ ಒಂದೇ ತಾಲ್ಲೂಕಿನಿಂದ 1,668 ಕುಂಟೆಗಳು ಯಾರಿಗೂ ಹೇಳದೆ ಕೇಳದೆ ಹೊರಟುಹೋಗಿದ್ದವು. ಅನಸೂಯಮ್ಮ ಕಳೆಯುವ ಲೆಕ್ಕವನ್ನು ಮೂರು ಸಲ ಮಾಡಿದಳು, ಮೂರು ಸಲವೂ ಅಷ್ಟೇ ಬಂತು.

"ಇದು ಪ್ರಬಂಧ" ಎಂದರು ಪ್ರೊಫೆಸರು. ಅವರು ಯಾವುದನ್ನೂ ಹೊಗಳುವವರಲ್ಲ.

1979ರ ಜನವರಿಯ ವಿಚಾರ ಸಂಕಿರಣದಲ್ಲಿ ಅವಳು ಲೇಖನ ಓದಿದಳು. ಅದರ ಅರವತ್ತು ಪ್ರತಿಗಳನ್ನು ಸೈಕ್ಲೋಸ್ಟೈಲ್ ಮಾಡಿ ಹಂಚಲಾಯಿತು. ಪಕ್ಕಪಕ್ಕದ ಎರಡು ತಾಲ್ಲೂಕುಗಳಲ್ಲಿ ಒಂದು ಕಡೆ ಕುಂಟೆಗಳು ಉಳಿದು, ಇನ್ನೊಂದು ಕಡೆ ಹಾಳಾದದ್ದು ಹೇಗೆ ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ಅನಸೂಯಮ್ಮ ಒಂಬತ್ತು ಕಾರಣ ಕೊಟ್ಟಳು. ಬಂಡೆಯ ಗುಣ, ಮಣ್ಣಿನ ಗುಣ, ಭೂಸುಧಾರಣೆ, ಪಂಪ್‌ಸೆಟ್ಟು, ಒಂದಕ್ಕಿಂತ ಒಂದು ಗಟ್ಟಿಯಾಗಿದ್ದವು. ಜನ ಬರೆದುಕೊಂಡರು. ಕೋಲಾರಕ್ಕೆ ಮರಳಿದ ದಿನ ಅವಳು ಮೊದಲ ಬಾರಿಗೆ ಹಲಗೆಯ ಖಾಲಿ ಜಾಗವನ್ನು ನಿಂತು ನೋಡಿದಳು.

ಪ್ರಬಂಧವನ್ನು 1980ರ ಮಾರ್ಚಿಗೆ ಒಪ್ಪಿಸಬೇಕಿತ್ತು. ಕೆಂಪು ಶಾಯಿಯ ನಾಲ್ಕು ಪ್ರಶ್ನೆಗಳಲ್ಲಿ ಮೊದಲ ಎರಡಕ್ಕೆ ಉತ್ತರವಿತ್ತು. ನಾಲ್ಕನೆಯದಕ್ಕೆ, ಬೇರೆ ಕಾಗದವೇ ಇಲ್ಲವೆಂದು ಪ್ರೊಫೆಸರು ವಿನಾಯಿತಿ ಕೊಟ್ಟಿದ್ದರು. ಉಳಿದದ್ದು ಮೂರನೆಯದು, ಕಣ್ಣಾರೆ ಕಂಡರೇ ಇಲ್ಲವೇ. ಮುನ್ನುಡಿಯಲ್ಲಿ ಮುಳಬಾಗಿಲು ತಾಲ್ಲೂಕಿನ ಎಣಿಕೆದಾರನ ಹೆಸರಿತ್ತು: ದೊಡ್ಡಮುನಿಯಪ್ಪ. ಊರು ಕುರುಡುಮಲೆಯ ಪಕ್ಕದ ಹಳ್ಳಿ. ಅವನಿಂದ ಒಂದು ಸಾಲು ಕೇಳಿಕೊಂಡು ಅಡಿಟಿಪ್ಪಣಿ ಹಾಕಿಬಿಟ್ಟರೆ ಮುಗಿಯಿತು ಎಂದು ಅವಳು ಡಿಸೆಂಬರಿನ ಒಂದು ಶನಿವಾರ ಬೆಳಗಿನ ಬಸ್ಸು ಹಿಡಿದಳು.

ದೊಡ್ಡಮುನಿಯಪ್ಪನಿಗೆ ಎಪ್ಪತ್ತು ದಾಟಿತ್ತು. ಜಗಲಿಯ ಮೇಲೆ ಹೆಂಡತಿ ಬೈರಮ್ಮನ ಜೊತೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದ. ಅನಸೂಯಮ್ಮ ಕುಳಿತು, ತಾನೂ ಒಂದು ಹಿಡಿ ಕಾಯಿ ತೆಗೆದುಕೊಂಡು, ಐವತ್ತಾರರಲ್ಲಿ ಈ ಕಡೆಯ ಕುಂಟೆಗಳನ್ನು ಎಣಿಸಿದ್ದು ನೀವೇನಾ ಎಂದು ಕೇಳಿದಳು.

"ನಾನೇ. ತಾಲ್ಲೂಕೆಲ್ಲ ನಡ್ದಿದ್ದೀನಿ. ಎರಡು ಜೊತೆ ಚಪ್ಪಲಿ ಸವೀತು."

"ಒಂದೊಂದನ್ನೂ ಕಣ್ಣಾರೆ ಕಂಡು ಬರೆದಿರಾ?"

"ಮುಟ್ಟಿ ನೋಡಿ ಬರ್ದಿದ್ದೀನಿ ಕಣಮ್ಮ. ಮನೆಯೋರು ಮೂರೈತೆ ಅಂತಾರೆ, ಹೋಗಿ ನೋಡಿದ್ರೆ ಎರಡೇ ಇರ್ತದೆ. ಅಂಗೆ ಯಾಮಾರೋನಲ್ಲ ನಾನು."

'ಮುಟ್ಟಿ ನೋಡಿದ್ದಾರೆ' ಎಂದು ಬರೆದುಕೊಂಡಳು. ಪ್ರೊಫೆಸರು ಕೇಳಿದ್ದಕ್ಕಿಂತ ಇದು ಹೆಚ್ಚೇ ಆಗಿತ್ತು. ಆಗಲೇ ಪುಸ್ತಕ ಮಡಿಸಿ ಎದ್ದಿದ್ದರೆ ಹನ್ನೊಂದರ ಬಸ್ಸು ಸಿಗುತ್ತಿತ್ತು, ಯುಗಾದಿಯ ಹೊತ್ತಿಗೆ ಪ್ರಬಂಧ ಒಪ್ಪಿಸಿ ಡಾಕ್ಟರಾಗುವ ಹಾದಿಯೂ ಸಲೀಸಾಗಿರುತ್ತಿತ್ತು. ಆದರೆ ಇಷ್ಟು ದೂರ ಬಂದದ್ದಕ್ಕೆ ಇನ್ನೆರಡು ವಿವರ ಸಿಕ್ಕಲಿ ಎಂದು ಆಸೆಪಟ್ಟಳು.

"ಸಾಮಾನ್ಯವಾಗಿ ಎಷ್ಟು ಆಳ ಇರ್ತಿತ್ತು?"

"ಆಳ ಎಲ್ಲಿ ಬಂತು. ನಾಲ್ಕು ಬೆರಳು ಹೋದ್ರೆ ಜಾಸ್ತಿ."

'1956ಕ್ಕೇ ಹೂಳು ತುಂಬಿತ್ತು' ಎಂದು ಬರೆದಳು.

"ನೀರು ಎಷ್ಟು ತಿಂಗಳು ನಿಲ್ತಿತ್ತು?"

"ನೀರು ನಿಂತಿದ್ರೆ ಕುಂಟೆ ಯಾವನು ಹೊಡೀತಾನೆ? ಹದ ಇರ್ಬೇಕು."

ಹೂಳುಮಣ್ಣು ಹೊಡೆಯುವ ಮಾತಿರಬೇಕು ಎಂದುಕೊಂಡು ಅದನ್ನೂ ಬರೆದಳು. "ಅಷ್ಟೊಂದು ಕುಂಟೆ ಈಗ ಏನಾದವು?"

"ಕೆಲವು ಗೆದ್ಲು ತಿಂತು. ಕೆಲವು ಒಲೆಗೆ ಹೋದ್ವು" ಎಂದ ದೊಡ್ಡಮುನಿಯಪ್ಪ, ಕಾಯಿ ಬಿಡಿಸುತ್ತಲೇ. "ನಮ್ದೊಂದು ಅಟ್ಟದ ಮೇಲೈತೆ."

ಅನಸೂಯಮ್ಮ ಪೆನ್ನನ್ನು ಕಾಗದದಿಂದ ಎತ್ತಿದಳು. ನೀರಿನ ಹೊಂಡವನ್ನು ಅಟ್ಟದ ಮೇಲೆ ಇಡುವುದು ಅವಳು ಓದಿದ ಭೂಗೋಳದಲ್ಲಿ ಎಲ್ಲೂ ಇರಲಿಲ್ಲ. ಬೈರಮ್ಮ ಒಳಗೆ ಹೋಗಿ, ಅಟ್ಟದಿಂದ ಒಂದು ಮರದ ದಿಮ್ಮಿಯನ್ನು ಇಳಿಸಿಕೊಂಡು ಬಂದು ಮುಂದಿಟ್ಟಳು. ಅಡಿಯಲ್ಲಿ ತುಕ್ಕು ಹಿಡಿದ ಕಬ್ಬಿಣದ ಅಲಗು ಇತ್ತು. ರಾಗಿ ಪೈರಿನ ಸಾಲುಗಳ ನಡುವೆ ಕಳೆ ಹೋಗಲೆಂದು ಎತ್ತು ಕಟ್ಟಿ ಎಳೆಸುವ ಸಾಮಾನು. ಬಸ್ಸಿನ ಕಿಟಕಿಯಿಂದ ಅದನ್ನು ನೂರು ಸಲ ನೋಡಿದ್ದಳು. ಅದಕ್ಕೂ ಒಂದು ಹೆಸರಿರುತ್ತದೆ ಎಂದು ಕೋಲಾರದ ಪೇಟೆಯಲ್ಲಿ, ಕೋರ್ಟು ಗುಮಾಸ್ತೆಯ ಮಗಳಾಗಿ, ಮುದ್ದೆಯಾದ ಮೇಲಷ್ಟೇ ರಾಗಿಯ ಮುಖ ಕಂಡು ಬೆಳೆದ ಅವಳಿಗೆ ಹೊಳೆದಿರಲಿಲ್ಲ.

"ಇದು ಕುಂಟೆ" ಎಂದಳು ಬೈರಮ್ಮ, ಮಗುವಿಗೆ ಹೇಳುವ ಹಾಗೆ.

ದೊಡ್ಡಮುನಿಯಪ್ಪ ತನ್ನ ಹಳೆಯ ಎಣಿಕೆ ಪುಸ್ತಕವನ್ನೂ ತಂದ. ಇಪ್ಪತ್ತಮೂರು ವರ್ಷ ಅದನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದ. ಪ್ರತಿ ಮನೆಯ ಹೆಸರಿನ ಮುಂದೆ ಐದು ಅಂಕಣಗಳಿದ್ದವು: ಎತ್ತು, ಗಾಡಿ, ನೇಗಿಲು, ಕುಂಟೆ, ಬಾವಿ.

"ನಿಮ್ಮೂರಲ್ಲಿ ನೀರಿನ ಹೊಂಡಕ್ಕೆ ಏನಂತೀರಿ?" ಎಂದು ಅನಸೂಯಮ್ಮ ಮೆಲ್ಲಗೆ ಕೇಳಿದಳು.

"ಕುಂಟೆ."

"ಇದಕ್ಕೆ?"

"ಕುಂಟೆ."

"ಹಾಗಿದ್ದರೆ ಇಲ್ಲಿ ಬರೆದಿರೋದು ಯಾವ ಕುಂಟೆ ಅಂತ ನಿಮಗೆ ಹೇಗೆ ಗೊತ್ತಾಯಿತು?"

"ನೇಗಿಲಾದ್ಮೇಲೆ ಬರೋದು ಕುಂಟೆ ತಾನೇ."

"ಶ್ರೀನಿವಾಸಪುರದಲ್ಲಿ ಎಣಿಸಿದವರು ನೀರಿನ ಹೊಂಡ ಎಣಿಸಿದ್ದಾರಲ್ಲ."

"ಅವನು ತೆಲುಗೋನು. ಅವರ ಮನೇಲಿ ಇದಕ್ಕೆ ಗುಂಟಕ ಅಂತಾರೆ. ಕುಂಟ ಅಂದ್ರೆ ಅವನಿಗೆ ನೀರೇ. ಅವನು ಬಾವಿ ಕಡೆಯಿಂದ ಓದ್ಕೊಂಡ, ನಾನು ನೇಗಿಲ ಕಡೆಯಿಂದ ಓದ್ಕೊಂಡೆ. ಬೇಸಾಯದ ಕುಂಟೆ, ನೀರಿನ ಕುಂಟೆಯಲ್ಲ ಅಂತ ಸೂಚನೇಲೇ ಬರ್ದಿತ್ತು, ಎರಡು ಪುಟ. ಅವನು ಓದ್ಲಿಲ್ಲ, ನಾನು ಓದ್ದೆ." ಅವರೆಕಾಯಿಗೆ ಮತ್ತೆ ಕೈಹಾಕುತ್ತಾ, "ನೀವೂ ಓದಿರ್ತೀರಲ್ಲ" ಎಂದ.

ಮುಳಬಾಗಿಲಿನಿಂದ ಹೊರಟ ಬಸ್ಸಿನಲ್ಲಿ ಅನಸೂಯಮ್ಮ ಅತ್ತಳು. ಮೂವತ್ತೆಂಟು ವರ್ಷದ ಹೆಂಗಸು ಸೀಟಿನಲ್ಲಿ ನೆಟ್ಟಗೆ ಕೂತು ಅಳುವುದನ್ನು ಕಂಡು ಕಂಡಕ್ಟರು, ಮನೇಲಿ ಯಾರಾದರೂ ಹೋಗಿಬಿಟ್ಟರಾ ಎಂದು ಕೇಳಿದ. ಸಾವಿರದ ಆರುನೂರ ಅರವತ್ತೆಂಟು ಎನ್ನಲಾರದೆ, ಇಲ್ಲ ಎಂದಳು. ಅಂಕಿ ಹೋದದ್ದಕ್ಕಿಂತ, ಇಲ್ಲದ ಕುಂಟೆಗಳು ಬತ್ತಿದ್ದಕ್ಕೆ ತಾನು ಕೊಟ್ಟ ಒಂಬತ್ತು ಕಾರಣಗಳನ್ನು ನೆನೆದು ಅವಳಿಗೆ ನಾಚಿಕೆಯಾಗುತ್ತಿತ್ತು. ಎಲ್ಲವನ್ನೂ ಜನ ನಂಬಿದ್ದರು.

ಬೆಂಗಳೂರಿಗೆ ಹೋಗಿ ಪ್ರೊಫೆಸರಿಗೆ ಹೇಳಿದಳು.

"ನಮ್ಮ ಮನೇಲೂ ಎರಡಿದ್ದವು" ಎಂದರು. ಅವರು ಟೇಕಲ್ಲಿನ ಮಾತು ಎತ್ತಿದ್ದನ್ನು ಅವಳು ಕೇಳಿದ್ದು ಅದೊಂದೇ ಸಲ. ಆಮೇಲೆ ಕನ್ನಡಕ ಒರೆಸಿಕೊಂಡು, "ಇದು ಇನ್ನು ಯಾರಿಗೆ ಗೊತ್ತು?" ಎಂದರು.

"ದೊಡ್ಡಮುನಿಯಪ್ಪನವರಿಗೆ."

"ಅವರು ನಿಮ್ಮ ಪ್ರಬಂಧ ಓದ್ತಾರಾ?"

"ಇಲ್ಲ ಸಾರ್. ಅವರಿಗೆ ಓದದೆಯೇ ಗೊತ್ತು."

"ಇದ್ದ ಹಾಗೇ ಮಾರ್ಚಿಗೆ ಕೊಟ್ಟರೆ ಎಂಬತ್ತರಲ್ಲೇ ಪದವಿ ಆಗುತ್ತೆ. ತೆಗೆದುಹಾಕಿದರೆ ಪ್ರಬಂಧಕ್ಕೆ ಬೆನ್ನುಮೂಳೆ ಇರಲ್ಲ, ಇನ್ನೆರಡು ವರ್ಷ ತಿರುಗಬೇಕು. ನಿಮ್ಮಿಷ್ಟ."

ಇಷ್ಟ ಯಾವುದು ಎಂಬುದರಲ್ಲಿ ಅವಳಿಗೆ ಸಂಶಯವಿರಲಿಲ್ಲ. ಮಾರ್ಚಿಗೆ ಕೊಡಬೇಕೆಂದೇ ಇಷ್ಟವಿತ್ತು. ಆದರೆ ಬರೆಯಲು ಕೂತಾಗಲೆಲ್ಲ ಬೈರಮ್ಮ ಆ ದಿಮ್ಮಿಯನ್ನು ತಂದು ಮುಂದಿಟ್ಟ ಹಾಗಾಗುತ್ತಿತ್ತು. ಮುಳಬಾಗಿಲಿನ ಅಂಕಿಗೆ ಅಡ್ಡಗೆರೆ ಎಳೆದಳು. ಲೇಖನದ ಪ್ರತಿ ಪಡೆದ ಅರವತ್ತು ವಿಳಾಸಗಳಿಗೂ ಒಂದೊಂದು ಕಾರ್ಡು ಬರೆದು, 1,668 ಎಂಬುದನ್ನು ಹೊಡೆದುಹಾಕಬೇಕಾಗಿ ವಿನಂತಿಸಿದಳು. ನಾಲ್ಕು ಉತ್ತರ ಬಂದವು. ಒಂದರಲ್ಲಿ ಲೇಖನ ಚೆನ್ನಾಗಿದೆ ಎಂದಿತ್ತು.

ಮತ್ತೆ ಎರಡು ವರ್ಷ ಹಳ್ಳಿಹಳ್ಳಿಯ ಮುದುಕರನ್ನು ಕರೆದುಕೊಂಡು ನಡೆದಳು. ಈ ಸಲ ಕುಂಟೆ ಎಂಬ ಮಾತು ಬಂದಾಗಲೆಲ್ಲ ನೀರಿನದೋ ಮರದ್ದೋ ಎಂದು ಕೇಳುತ್ತಿದ್ದಳು, ಜನ ಅವಳನ್ನು ಪೆದ್ದಿ ಎಂದುಕೊಂಡರು. ಮುಳಬಾಗಿಲಿನಲ್ಲಿ ಐವತ್ತಾರರ ಸುಮಾರಿಗೆ ಇದ್ದ ನೀರಿನ ಕುಂಟೆಗಳು 240, ಹಾಳಾದವು 37 ಎಂದು ಗೊತ್ತಾಯಿತು. ಮೂವತ್ತೇಳು ಎಂದರೆ ಯಾರೂ ಬರೆದುಕೊಳ್ಳುವುದಿಲ್ಲ. ಪರೀಕ್ಷಕರು 'ಶ್ರಮ ಕಾಣುತ್ತದೆ' ಎಂದು ಬರೆದು ಪದವಿ ಕೊಟ್ಟರು. 1982ರಲ್ಲಿ ಅಶ್ವತ್ಥಪ್ಪ ಬಂದು 'ಡಾ.' ಬರೆದ. ಆರು ವರ್ಷದಲ್ಲಿ ಹಲಗೆಯ ಹಳೆಯ ಅಕ್ಷರಗಳು ಮಂಕಾಗಿದ್ದವು, ಹಾಗಾಗಿ ದೂರದಿಂದ ನೋಡಿದರೆ ಒಂಬತ್ತನೆಯ ಸಾಲಿನಲ್ಲಿ 'ಡಾ.' ಮಾತ್ರ ಕಾಣುತ್ತಿತ್ತು. ಅವಳಿಗೆ ಅದರಲ್ಲಿ ತುಂಬ ಸಂತೋಷವಿತ್ತು.

1984ರ ಅಕ್ಟೋಬರಿನಲ್ಲಿ ಕಾಲೇಜಿನ ಮುಂದೆ ಜೀಪೊಂದು ನಿಂತಿತು. ಇಳಿದವನು ಕದಿರೇಶ ಎಂಬ ಎಂಜಿನಿಯರು. 'ಕುಂಟೆ ಪುನರುದ್ಧಾರ ಯೋಜನೆ' ಎಂಬುದನ್ನು ನಡೆಸುತ್ತಿದ್ದ. ಮರ್ಯಾದೆಯಿಂದ ಕೈಮುಗಿದು, "ಮೇಡಂ, ನೀವಿಲ್ಲದಿದ್ದರೆ ಈ ಯೋಜನೇನೇ ಇಲ್ಲ" ಎಂದು ದಪ್ಪ ಫೈಲನ್ನು ತೆರೆದು ತೋರಿಸಿದ. ಮೊದಲ ಪುಟದಲ್ಲಿ, ಮುಳಬಾಗಿಲು ತಾಲ್ಲೂಕಿನಲ್ಲಿ ಕಣ್ಮರೆಯಾದ ಕುಂಟೆಗಳು 1,668 ಎಂದಿತ್ತು. ಆಧಾರ: ಅನಸೂಯಮ್ಮ, 1979, ಅಪ್ರಕಟಿತ.

ಅವಳು ಆ ಅಂಕಿಯ ಮೇಲೆ ಬೆರಳಿಟ್ಟಳು. "ಇದು ತಪ್ಪು ಅಂತ ಕಾರ್ಡು ಬರೆದಿದ್ದೆನಲ್ಲ."

"ಬಂದಿರುತ್ತೆ ಮೇಡಂ. ಅದು ಟಪಾಲು ಫೈಲು, ಇದು ಯೋಜನೆ ಫೈಲು" ಎಂದ ಕದಿರೇಶ. ಮೊದಲ ಎರಡು ಕುಂಟೆ ತೋಡಿ ಆಗಿತ್ತು. ತೋಡಿದ ಜಾಗದಲ್ಲಿ ಹಿಂದೆ ಕುಂಟೆ ಇತ್ತೆಂದು ವಿಷಯ ಬಲ್ಲವರೊಬ್ಬರು ಸ್ಥಳ ನೋಡಿ ಬರೆದುಕೊಟ್ಟರೆ ಮುಂದಿನ ನಲವತ್ತಕ್ಕೆ ಮಂಜೂರಾತಿ ಸಿಗುತ್ತದೆ, ಅದಕ್ಕೆ ಬಂದಿದ್ದೇನೆ ಎಂದ. ಬರೆದುಕೊಡುತ್ತೇನೆ, ಆದರೆ ಇದ್ದದ್ದನ್ನೇ ಬರೆಯುತ್ತೇನೆ ಎಂದು ಅನಸೂಯಮ್ಮ ಜೀಪು ಹತ್ತಿದಳು. ಈ ಅಂಕಿಯನ್ನು ಇವತ್ತು ಮಣ್ಣುಮಾಡಿಯೇ ಬರಬೇಕು ಎಂದು ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡಿದ್ದಳು.

ಜೀಪು ನಿಂತದ್ದು ದೊಡ್ಡಮುನಿಯಪ್ಪನ ಊರಿನಲ್ಲಿ. ಅವನು ಎಣಿಕೆ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಕಾಯುತ್ತಿದ್ದ. ಮುನಿಯಲ್ಲಪ್ಪ ಎಂಬ ರೈತನ ಮನೆಯ ಹಿಂದೆ ಕರೆದುಕೊಂಡು ಹೋದ. ಅಲ್ಲಿ ಅಕ್ಕಪಕ್ಕದಲ್ಲಿ ಎರಡು ಕುಂಟೆಗಳಿದ್ದವು. ಅಷ್ಟು ಹತ್ತಿರದಲ್ಲಿ ಎರಡು ಕುಂಟೆಗಳನ್ನು ಬುದ್ಧಿಯಿದ್ದವರು ಯಾರೂ ತೋಡುವುದಿಲ್ಲ. ಎರಡರಲ್ಲೂ ಮೊನ್ನೆಯ ಮಳೆಯ ಕೆಂಪು ನೀರು ಅಂಚಿನವರೆಗೆ ತುಂಬಿತ್ತು. ಒಂದರಲ್ಲಿ ಎಮ್ಮೆಗಳು ನೀರು ಕುಡಿಯುತ್ತಿದ್ದವು.

"ಐವತ್ತಾರರಲ್ಲಿ ಕುಂಟೆ ಎಲ್ಲೆಲ್ಲಿತ್ತು ತೋರ್ಸು ಅಂದ್ರು ಸಾಹೇಬ್ರು" ಎಂದ ದೊಡ್ಡಮುನಿಯಪ್ಪ. "ಬುಕ್ಕು ನೋಡಿ ತೋರಿಸ್ದೆ. ಮುನಿಯಲ್ಲಪ್ಪನ ಮನೇಲಿ ಎರಡಿತ್ತು."

ಅನಸೂಯಮ್ಮ ಅವನನ್ನು ಪಕ್ಕಕ್ಕೆ ಕರೆದಳು. "ಯಾವ ಕುಂಟೆ ಅಂತ ನಿಮಗೆ ಗೊತ್ತಿತ್ತಲ್ಲ."

"ಗೊತ್ತಿತ್ತು. ಅವ್ರು ಎಲ್ಲಿ ಅಂತ ಕೇಳಿದ್ರು. ಯಾವ್ದು ಅಂತ ಕೇಳ್ಲಿಲ್ಲ."

ಬೈರಮ್ಮ ಎಮ್ಮೆ ಹೊಡೆದುಕೊಂಡು ಬಂದಳು. ಹೋದ ವರ್ಷದವರೆಗೆ ನೀರಿಗೆಂದು ದಿನಾ ಎರಡು ಮೈಲಿ ಹೊಡೆದುಕೊಂಡು ಹೋಗುತ್ತಿದ್ದೆ, ಈ ವರ್ಷ ಹೋಗಿಲ್ಲ ಎಂದಳು. ಆಮೇಲೆ ಅನಸೂಯಮ್ಮನ ಹತ್ತಿರ ಬಂದು, "ಮುಂದಿನ್ಸಾರಿ ನಮ್ಮನೆ ಹಿಂದೆ ತೋಡ್ತಾರಂತೆ. ನಮ್ದೂ ಒಂದು ಅಟ್ಟದ ಮೇಲೈತಲ್ಲ, ನೀವೇ ನೋಡಿದ್ದೀರಿ" ಎಂದಳು.

ಅನಸೂಯಮ್ಮನಿಗೆ ಸಿಟ್ಟು ಬಂತು. ಎರಡು ವರ್ಷ ನಡೆದು ತಂದ ಮೂವತ್ತೇಳು ಯಾವ ಬೀರುವಿನಲ್ಲಿದೆಯೋ, ಹೊಡೆದುಹಾಕಿದ 1,668 ಇಲ್ಲಿ ನೀರು ತುಂಬಿಕೊಂಡು ಕೂತಿದೆ. ಅದೇ ಹೊತ್ತಿಗೆ ಆ ನೀರನ್ನು ನೋಡಿ ಸಂತೋಷವೂ ಆಯಿತು. ಎರಡೂ ಒಟ್ಟಿಗೆ ಬಂದದ್ದು ಅವಳಿಗೆ ಸರಿಹೋಗಲಿಲ್ಲ.

ಕದಿರೇಶ ಜೀಪಿನ ಬಾನೆಟ್ಟಿನ ಮೇಲೆ ಬಿಳಿ ಹಾಳೆಗಳನ್ನಿಟ್ಟ. ಅವಳು ಬರೆದಳು: '1956ರ ಎಣಿಕೆಯಂತೆ ಶ್ರೀ ಮುನಿಯಲ್ಲಪ್ಪನವರ ಮನೆಯಲ್ಲಿ ಎರಡು ಕುಂಟೆಗಳಿದ್ದವು. ಈಗ ಅವರ ಮನೆಯ ಹಿಂದೆ ಎರಡು ಕುಂಟೆಗಳಿವೆ. ಇವನ್ನು ನಾನು ಕಣ್ಣಾರೆ ಕಂಡಿದ್ದೇನೆ.' ಕೆಳಗೆ 'ಡಾ.' ಸಮೇತ ಸಹಿ ಹಾಕಿದಳು. ಓದಿ ನೋಡಿದಳು, ಒಂದು ಅಕ್ಷರವೂ ಸುಳ್ಳಿರಲಿಲ್ಲ.

ಆದರೂ ಮನಸ್ಸು ಒಪ್ಪಲಿಲ್ಲ. ಇನ್ನೊಂದು ಹಾಳೆ ಕೇಳಿ, ಅದರಲ್ಲಿ ನೇಗಿಲಿನ ಜೊತೆಯ ಕುಂಟೆ, ಬಾವಿಯ ಜೊತೆಯ ಕುಂಟೆ, ತೆಲುಗಿನವನು ಓದಿದ್ದು, ದೊಡ್ಡಮುನಿಯಪ್ಪ ಓದಿದ್ದು, ತಾನು ಓದದೆ ಬಿಟ್ಟದ್ದು ಎಲ್ಲವನ್ನೂ ಬಿಡದೆ ಬರೆದಳು. ಹಾಳೆಯ ಎರಡೂ ಬದಿ ತುಂಬಿತು, ಯಲ್ದೂರಿನ ತಿಪ್ಪೆ ಸೇರಿದ ಸೂಚನೆಗಳ ಹಾಗೆ ಇದೂ ಎರಡು ಪುಟವಾಯಿತು.

"ಇದೇನು ಮೇಡಂ?" ಎಂದ ಕದಿರೇಶ.

"ಸೂಚನೆಗಳು."

"ಓದಬೇಕಾ?"

"ಓದಿದರೆ ಒಳ್ಳೇದು."

ಮೊದಲ ಹಾಳೆಯ ಮೂಲೆಯಲ್ಲಿ ಅಭ್ಯಾಸಬಲದಿಂದ 1 ಎಂದು ಬರೆದಿದ್ದಳು. ಎರಡನೆಯದಕ್ಕೂ ಸಂಖ್ಯೆ ಹಾಕಲು ಪೆನ್ನು ತಂದಳು. ಹಿಂದೆ ಬೈರಮ್ಮನ ಎಮ್ಮೆ ನೀರಿಗಿಳಿದು ಮಲಗಿದ ಸದ್ದಾಯಿತು. ಅನಸೂಯಮ್ಮ ಪೆನ್ನಿಗೆ ಮುಚ್ಚಳ ಹಾಕಿದಳು. ಕದಿರೇಶ ಗುಂಡುಸೂಜಿ ಹುಡುಕಲು ಹೊರಟಾಗ ಬೇಡವೆಂದಳು. ಎರಡು ಹಾಳೆಗಳನ್ನೂ ಬಿಡಿಬಿಡಿಯಾಗಿಯೇ ಅವನ ಕೈಗೆ ಕೊಟ್ಟಳು.